ಇಲ್ಲೆ ಗಡ

ಅಕ್ಕನ ಎಡ ಮುಂಗೈ ಮೇಲೆ ಯಾವಾಗಲೂ ನಾಲ್ಕೈದು ಬಣ್ಣದ ಗೆರೆಗಳು ಇರುತ್ತಿದ್ದವು. ಒಂದು ಕೆಂಪು, ಒಂದು ಗುಲಾಬಿ, ಒಂದು ಇಟ್ಟಿಗೆಯದ್ದು, ಒಂದು ನೇರಳೆ. ಲಿಪ್‌ಸ್ಟಿಕ್ಕಿನ ಬಣ್ಣ ತೋರಿಸಲಿಕ್ಕೆ ಎಳೆದುಕೊಂಡದ್ದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಪಕ್ಕದವರು ಗಾಬರಿಯಾಗಿ, "ಅಯ್ಯೋ, ಬೆಕ್ಕು ಪರಚಿದ್ದಾ?" ಎಂದು ಕೇಳುತ್ತಿದ್ದರು. "ಹೌದು ಮಾರಾಯ್ರೆ, ಬಣ್ಣ ಬಣ್ಣದ ಬೆಕ್ಕು. ನಿಮ್ಮ ಕೈ ಕೊಡಿ, ನಿಮಗೂ ಪರಚುತ್ತದೆ," ಎನ್ನುತ್ತಿದ್ದರು ಅಕ್ಕ. ಪುತ್ತೂರಿನಿಂದ ಹೊರಟ ಬಸ್ಸು ಆಲಂಕಾರು ಮುಟ್ಟುವುದರೊಳಗೆ ಇಬ್ಬರ ಕೈಗಾದರೂ ಗೆರೆ ಬಿದ್ದಿರುತ್ತಿತ್ತು.

ಒಡಹುಟ್ಟಿದ ಅಕ್ಕ ಅಲ್ಲ. ಮುಖದ ಕ್ರೀಮು, ಸಾಬೂನು, ಉಗುರಿನ ಬಣ್ಣ ಇಂಥದ್ದನ್ನೆಲ್ಲ ಅಂಗಡಿಗೆ ಹಾಕದೆ ಮನೆಮನೆಗೆ ಮಾರುವ ಕಂಪೆನಿಯೊಂದಕ್ಕೆ ನನ್ನನ್ನು ಸೇರಿಸಿದವರು. ಕಂಪೆನಿಯ ಲೆಕ್ಕದಲ್ಲಿ ನಾವು ಕನ್ಸಲ್ಟೆಂಟುಗಳು, ಊರಿನವರ ಬಾಯಲ್ಲಿ ಕ್ರೀಮಿನವರು. ಫೋನಿನ ಆ್ಯಪಿನಲ್ಲಿ ಅಕ್ಕನ ಹೆಸರು ಮೇಲೆ, ಅದರ ಅಡಿಯಲ್ಲಿ ನನ್ನದು, ಎರಡರ ಪಕ್ಕದಲ್ಲೂ ಒಂದೊಂದು ಹಸಿರು ಚುಕ್ಕೆ. ಆಮೇಲೆ ನನ್ನ ಮೂಲಕ ಸೇರಿದ ಕೆಲವು ಹೆಂಗಸರ ಹೆಸರೂ ನನ್ನ ಅಡಿಯಲ್ಲಿ ಬಂತು. ಹಸಿರು ಉಂಟು ಅಂದರೆ ಜೀವ ಉಂಟು. ಕೆಲವು ತಿಂಗಳು ಆರ್ಡರ್ ಹಾಕದೆ ಕೂತರೆ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಹೆಸರು ಬಿದ್ದುಹೋಗುತ್ತದೆ.

ಇಂಥ ಕೆಲಸಕ್ಕೆ ಅಕ್ಕನಿಗೆ ಸಿಕ್ಕಿದ್ದು ನನ್ನಂಥ ಹುಟ್ಟಾ ಪುಕ್ಕಲಿ! ಫೋನು ರಿಂಗಾದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಮದುವೆಯಾಗಿ ಆಲಂಕಾರಿಗೆ ಬಂದ ಮೇಲೆ ಒಬ್ಬಳೇ ಗೇಟು ದಾಟಿದ್ದೇ ಇಲ್ಲ ಅನ್ನಬಹುದು. ಯಾರೂ ತಡೆದದ್ದಲ್ಲ. ನನ್ನ ಗಂಡ ಪಾಪದವರು, ಎಲ್ಲಿಗೆ ಬೇಕಾದರೂ ಹೋಗು ಎನ್ನುವವರು. ನನಗೇ ಹೆದರಿಕೆ. ಯಾರಾದರೂ ಮಾತಾಡಿಸಿದರೆ ಏನು ಹೇಳುವುದು, ಬಸ್ಸು ತಪ್ಪಿದರೆ ಏನು ಮಾಡುವುದು, ಬರೀ ಇಂಥದ್ದೇ. ಅಕ್ಕ ಒಂದು ಚೀಲ ಹೆಗಲಿಗೆ ಹಾಕಿ ನನ್ನನ್ನು ಹೊರಗೆ ಎಳೆದರು. ಚೀಲ ಇದ್ದರೆ ನಾನು ಹೊರಗೆ, ಚೀಲ ಹೋದರೆ ಒಳಗೆ. ನನ್ನ ಬದುಕು ಅಷ್ಟು ಸಪೂರದ ನೂಲಿನಲ್ಲಿ ನಿಂತಿತ್ತು.

ಅಕ್ಕನಿಗೆ ಅವರದ್ದೇ ಕ್ರಮಗಳಿದ್ದವು. "ಚೀಲವನ್ನು ಅಂಗಳದಲ್ಲೇ ಇಡು. ಚೀಲ ಜಗಲಿ ಹತ್ತಿದ್ರೆ ಅವರಿಗೆ ಎದೆ ಹೊಡ್ಕೊಳ್ತದೆ." ಇನ್ನೊಂದು, ಮನೆಯವರು ಆಸರಿಗೆ, ಅಂದರೆ ಬಾಯಾರಿಕೆಗೆ, ಕೊಡುವ ನೀರು ಬೆಲ್ಲ ಮುಟ್ಟದೆ ಕ್ರೀಮಿನ ಸುದ್ದಿ ತೆಗೆಯಲೇಬಾರದು. "ಬೆಲ್ಲ ತಿಂದ ಬಾಯಿಯಲ್ಲಿ ಸುಳ್ಳು ಬರುದಿಲ್ಲ ನೋಡು," ಎಂದು ಕಣ್ಣು ಮಿಟುಕಿಸುತ್ತಿದ್ದರು. ಆಮೇಲೆ ಎರಡು ತುಂಡು ಬೆಲ್ಲ ತಿಂದು ಮೂರನೆಯದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಅದು ಮಾತ್ರ ಯಾಕೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ಐವರ್ನಾಡಿನ ಆ ಮನೆಗೆ ಹೋಗುವವರೆಗೆ.

ಅವತ್ತು ನಾನೊಬ್ಬಳೇ ಹೋಗಿದ್ದೆ. ಮಧ್ಯಾಹ್ನ ಕಳೆದಿತ್ತು, ಒಳಗೆ ಟಿವಿಯ ಸದ್ದು ಅಂಗಳಕ್ಕೆ ಕೇಳುತ್ತಿತ್ತು. "ಅಕ್ಕಾ, ಇದ್ದೀರಾ?" ಎಂದು ಕರೆದೆ. ಟಿವಿ ಪಕ್ಕನೆ ನಿಂತಿತು. ಬಾಗಿಲಿಗೆ ಒಂದು ಹೂವಿನ ಪರದೆ. ಪರದೆಯ ಕೆಳಗೆ ಕಾಲುಂಗುರ ಹಾಕಿದ ಎರಡು ಪಾದಗಳು, ಅಲುಗಾಟ ಇಲ್ಲ. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಹುಡುಗಿ ಹೊರಗೆ ಬಂದು ಅವರ ಮನೆಮಾತು ಅರೆಭಾಷೆಯಲ್ಲಿ ಹೇಳಿತು: "ಅವ್ವ ಇಲ್ಲೆ ಗಡ."

'ಗಡ' ಅಂದರೆ ನಮ್ಮ 'ಅಂತೆ'. ಅಮ್ಮ ಇಲ್ಲವಂತೆ! ಪಾಪ ಮಗು, ಒಳಗಿನಿಂದ ಹೇಳಿಕೊಟ್ಟದ್ದನ್ನು ನಿಯತ್ತಿನಿಂದ ಒಪ್ಪಿಸಿತ್ತು.

ಬೇರೆಯವರಾದರೆ ನಗುತ್ತಿದ್ದರು, ಇಲ್ಲವೇ ಬೈದುಕೊಂಡು ಹೋಗುತ್ತಿದ್ದರು. ನನಗೆ ಕೈಕಾಲು ತಣ್ಣಗಾಯಿತು. ನನ್ನನ್ನು ಕಂಡು ಒಬ್ಬ ಹೆಂಗಸು ಅವಳ ಮನೆಯಲ್ಲೇ ಅಡಗಿ ನಿಂತಿದ್ದಾಳೆ. ಅಂದರೆ ನಾನು ಎಂಥವಳಾಗಿ ಹೋದೆ? ಊರಿನಲ್ಲಿ ಇನ್ನೆಷ್ಟು ಮನೆಗಳಲ್ಲಿ ಹೀಗೆ ನನ್ನ ದನಿ ಕೇಳಿ ಟಿವಿ ನಿಂತಿದೆ? ಬಸ್ಸಿನಲ್ಲಿ ಕೂತವರೆಲ್ಲ ನನ್ನ ಚೀಲವನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮನೆ ಮುಟ್ಟಿ ಅಕ್ಕನಿಗೆ ಫೋನು ಮಾಡಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲ ಅಂತ ಹೇಳಿದ್ದು ಯಾರು ಅಂತ ಕೇಳ್ಬೇಕಿತ್ತು ಮಾರಾಯ್ತಿ ನೀನು!"

ನನಗೆ ನಗು ಬರಲಿಲ್ಲ. ಮರುದಿನ ಚೀಲ ಮುಟ್ಟಲಿಲ್ಲ, ಅದರ ಮರುದಿನವೂ ಇಲ್ಲ. ಆಮೇಲೆ ಅಕ್ಕನ ಫೋನು ಬಂದರೂ ಎತ್ತಲಿಲ್ಲ. "ಹೆದರಿಕೆ ಆಗುದಾದ್ರೆ ಬಿಡು, ಯಾರು ಮಾಡ್ಲೇಬೇಕು ಅಂತ ಹೇಳಿದ್ದು?" ಎಂದರು ನನ್ನ ಗಂಡ. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಹೆದರುವವಳಿಗೆ ಅಷ್ಟು ಸಾಕಲ್ಲ! ಒಂದು ಬೆಳಿಗ್ಗೆ ಆ್ಯಪು ತೆರೆದರೆ ನನ್ನ ಚುಕ್ಕೆ ಬೂದಿಯಾಗಿತ್ತು. ಹಗುರ ಆಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಹೆದರಿಕೆ ಬಾಗಿಲಿನಿಂದ ಒಳಗೆ ಬಂತು. ಮೊದಲು ಬೇರೆಯವರ ಅಂಗಳ ಹೆದರಿಸುತ್ತಿತ್ತು, ಆಮೇಲೆ ಬಸ್ಸು, ಆಮೇಲೆ ಪೇಟೆಯ ಅಂಗಡಿ, ಕೊನೆಗೆ ನಮ್ಮದೇ ಗೇಟಿನ ಕಿರುಗುಟ್ಟುವಿಕೆ. ಗೇಟು ಸದ್ದು ಮಾಡಿದರೆ ನಾನು ಅಡುಗೆಮನೆಯ ಮೂಲೆ ಸೇರುತ್ತಿದ್ದೆ. ಇನ್ನು ಹೀಗೆಯೇ ಮುದುಕಿಯಾಗುವುದಾ ಎಂದು ಯೋಚಿಸುತ್ತಿದ್ದೆ.

ಒಂದು ದಿನ ಗೇಟು ಕಿರುಗುಟ್ಟಿತು, ನಾಯಿ ಬೊಗಳಿತು, ಅಕ್ಕನ ದನಿ ಕೇಳಿತು. ಮೂಲೆ ಸೇರಲಿಕ್ಕೆ ಹೊತ್ತು ಸಿಗಲಿಲ್ಲ. ಪರದೆ ಎಳೆದು ಅದರ ಹಿಂದೆ ನಿಂತೆ.

ಅಕ್ಕ ಜಗಲಿಯಲ್ಲಿ ಆರಾಮವಾಗಿ ಕೂತ ಸದ್ದಾಯಿತು. ಆಮೇಲೆ ಹೇಳಿದರು: "ಉಗುರಿನ ಬಣ್ಣ ಲಾಯ್ಕ ಉಂಟು. ನಮ್ಮ ಕಂಪೆನಿದ್ದೇ ಅಲ್ವಾ?"

ನಾನು ಕೆಳಗೆ ನೋಡಿದೆ. ಪರದೆಯ ಅಡಿಯಲ್ಲಿ ನನ್ನ ಹತ್ತು ಬೆರಳುಗಳೂ ಕೆಂಪಗೆ ಕೂತಿದ್ದವು.

"ಕಾಲು ಉಂಟು. ಕಾಲಿನ ಮೇಲಿನವಳು ಇಲ್ಲೆ ಗಡವಾ?" ಎಂದರು ಅಕ್ಕ. "ಯಾರು ಹೇಳಿದ್ದು?"

ನಗುವೂ ಅಳುವೂ ಒಟ್ಟಿಗೆ ಬಂದು ನಾನು ಪರದೆಗೇ ಮುಖ ಒರೆಸಿಕೊಂಡೆ. ಅಕ್ಕ ಎದ್ದು ಬರಲಿಲ್ಲ, ಪರದೆ ಸರಿಸಲಿಲ್ಲ. ನಾನೇ ಬರುವವರೆಗೆ ಕೂತರು.

ಬೆಲ್ಲ ತಿಂದು ನೀರು ಕುಡಿದ ಮೇಲೆ ನನ್ನ ಫೋನು ತರಿಸಿ, ಆ್ಯಪಿನಲ್ಲಿ ಮತ್ತೆ ಸೇರಲಿಕ್ಕೆ ಒತ್ತುವ ಜಾಗ ತೋರಿಸಿದರು. ಮತ್ತೆ ಸೇರುವುದು ಅಂದರೆ ಹಳೆಯದು ಯಾವುದೂ ಸಿಗುವುದಿಲ್ಲ. ಹೊಸ ನಂಬರು, ತೀರಾ ಕೆಳಗಿನ ಮೆಟ್ಟಿಲು. ನನ್ನ ಕೆಳಗೆ ಸೇರಿದ್ದ ಹೆಂಗಸರೆಲ್ಲ ಆಗಲೇ ಬೇರೆಯವರ ಕೆಳಗೆ ಹೋಗಿದ್ದರು. "ಎಲ್ಲ ಹೋಯ್ತಲ್ಲ ಅಕ್ಕ," ಎಂದೆ. "ಬಾಳೆ ಕಡಿದ್ರೆ ಬುಡದಲ್ಲಿ ಕಂದು ಬರುದಿಲ್ವಾ? ಸುಮ್ಮನೆ ಒತ್ತು." ನೀವೇ ಒತ್ತಿ ಎಂದು ಫೋನು ಚಾಚಿದೆ. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನೇ ಒತ್ತಿದೆ.

"ಆಯ್ತು. ಇನ್ನು ಮೊದಲನೆಯ ಮನೆ ಐವರ್ನಾಡಿದ್ದು," ಎಂದರು. ಅಯ್ಯೋ ದೇವರೇ! ಹೆದರುವವರ ಮೇಲೆ ಹಾವು ಎಸೆಯುವುದು ಅಂದರೆ ಇದೇ. ಬೇಡ ಎಂದು ಎಷ್ಟು ಗೋಗರೆದರೂ ಕೇಳಲಿಲ್ಲ.

ಅಲ್ಲಿ ಅಕ್ಕ ಗೇಟಿನ ಹತ್ತಿರವೇ ನಿಂತುಬಿಟ್ಟರು. "ನಾನು ಇಲ್ಲೇ ಇರ್ತೇನೆ, ನೀನು ಹೋಗು." ನಾನು ಅಂಗಳ ದಾಟಿದೆ. ಅದೇ ಹೂವಿನ ಪರದೆ, ಅದೇ ಪಾದಗಳು. ಬಾಯಿ ಒಣಗಿ ಕಲಿತ ಮಾತೆಲ್ಲ ಮರೆತುಹೋಯಿತು. "ಏನೂ ತೆಗೊಳ್ಳುದು ಬೇಡ ಅಕ್ಕ. ಹೆದರಬೇಡಿ. ಒಂಚೂರು ನೀರು ಕೊಡ್ತೀರಾ?" ಎಂದೆ. ನಿಜಕ್ಕೂ ನೀರು ಬೇಕಿತ್ತು.

ಪರದೆ ಸರಿಯಿತು. ನನಗಿಂತ ಸಣ್ಣ ಪ್ರಾಯದ ಹೆಂಗಸು. ಒಳಗೆ ಹೋಗಿ ನೀರಿನ ಚೆಂಬು ತಂದಳು. "ಅವತ್ತು ನಾನು ಒಳಗೇ ಇದ್ದೆ ಅಕ್ಕ," ಎಂದಳು. "ನಂಗೆ ಬೇಡ ಅಂತ ಹೇಳ್ಲಿಕ್ಕೆ ಹೆದರಿಕೆ. ಬೇಡ ಅಂದ್ರೆ ನಿಮ್ಗೆ ಬೇಜಾರಾಗ್ತದೆ, ಬೇಕು ಅಂದ್ರೆ ಮನೆಯಲ್ಲಿ ಬೈತಾರೆ. ಎಂತ ಮಾಡುದು ಹೇಳಿ?"

ಹಿಂದಿರುಗುವಾಗ ಇದನ್ನು ಅಕ್ಕನಿಗೆ ಹೇಳಿದೆ. "ಪರದೆಯ ಎರಡು ಕಡೆಯೂ ಹೆದರಿಕೆಯೇ ಇರುದು," ಎಂದರು. ಆಮೇಲೆ ತಮ್ಮ ಎಡಗೈ ತಿರುಗಿಸಿ ನೋಡಿಕೊಂಡರು. "ನಂಗೆ ಇಲ್ವಾ ಹೆದರಿಕೆ? ಇಷ್ಟು ವರ್ಷ ಆಯ್ತು, ಈಗಲೂ ಬಾಗಿಲು ತಟ್ಟುವ ಮೊದಲು ಒಮ್ಮೆ ಹಿಂದೆ ಹೋಗುವ ಅಂತ ಕಾಣ್ತದೆ. ಅದಕ್ಕೇ ಈ ಗೆರೆ ಎಳೆದುಕೊಂಡು ಹೋಗುದು. ಜನ ಕೈ ನೋಡ್ತಾರೆ, ನನ್ನ ಮುಖ ನೋಡುದಿಲ್ಲ."

ನಾನು ಅವರ ಮುಖವನ್ನೇ ನೋಡಿದೆ.

ಐವರ್ನಾಡಿನ ಆ ಹೆಂಗಸು ಮುಂದೆ ನನ್ನ ಕೆಳಗೆ ಸೇರಿದಳು. ಅಕ್ಕನನ್ನು 'ದೊಡ್ಡಕ್ಕ' ಎನ್ನುತ್ತಿದ್ದಳು. ಕಳೆದ ವರ್ಷ ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದ್ದು. ಎತ್ತಿದೊಡನೆ ಅಳು. ಅಳುವಿನ ನಡುವೆ ಅವಳ ಭಾಷೆಯೇ ಬಂತು: "ದೊಡ್ಡಕ್ಕ ಇಲ್ಲೆ ಗಡ."

"ಯಾರು ಹೇಳಿದ್ದು?" ಎಂದು ನಾನು ರೇಗಿಬಿಟ್ಟೆ.

ಎದೆನೋವು ಬಂದು ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ಅಂತೆ, ಅಂತೆ. ಎಲ್ಲರೂ ಅಂತೆ ಎನ್ನುವವರೇ. ನಾನು ಒಬ್ಬಳೇ ಪುತ್ತೂರಿಗೆ, ಅಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಕೂತಾಗಲೂ ಅಕ್ಕ ಯಾವುದೋ ಪರದೆಯ ಹಿಂದೆ ನಿಂತು ನನ್ನನ್ನು ಆಡಿಸುತ್ತಿದ್ದಾರೆ ಎಂದೇ ಮನಸ್ಸು ಹೇಳುತ್ತಿತ್ತು. ಚಾವಡಿಯಲ್ಲಿ ಮಲಗಿಸಿದ್ದರು. ಯಾರೋ ಚೆನ್ನಾಗಿ ಮೀಯಿಸಿದ್ದರು. ಎಡ ಮುಂಗೈ ಮೇಲೆ ಒಂದು ಗೆರೆಯೂ ಇರಲಿಲ್ಲ. ಆ ಬರಿಗೈ ನೋಡಿದ ಮೇಲೆ ನಂಬಿದೆ, ನಂಬಿ ಅತ್ತೆ.

ಹೆದರಿಕೆ ಹೋಗಿದೆಯಾ ಎಂದು ಕೇಳಬೇಡಿ. ಎಲ್ಲಿ ಹೋಗುವುದು ಮಾರಾಯ್ರೆ? ಅಕ್ಕ ಹೋದ ಮೇಲೆ ಇನ್ನೊಂದು ಸುತ್ತು ಬಂತು. ಇನ್ನು ಬಿದ್ದರೆ ಜಗಲಿಯಲ್ಲಿ ಬಂದು ಕೂರುವವರು ಯಾರು? ಆದರೂ ಆ್ಯಪಿನಲ್ಲಿ ನನ್ನ ಹೆಸರಿನ ಮೇಲೆ ಅವರ ಹೆಸರು ಉಂಟಲ್ಲ, ಪಕ್ಕದಲ್ಲಿ ಹಸಿರು ಉಂಟಲ್ಲ ಎಂದುಕೊಂಡು ಹೋಗುತ್ತಿದ್ದೆ. ಕಂಪೆನಿಗೆ ಸಾವು ಗೊತ್ತಾಗುವುದಿಲ್ಲ, ಆರ್ಡರ್ ಬರಲಿಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಕೆಲವು ತಿಂಗಳು ಕಳೆದು ಒಂದು ಬೆಳಿಗ್ಗೆ ಹೊರಡುವ ಮೊದಲು ತೆರೆದು ನೋಡಿದೆ. ಅಕ್ಕನ ಚುಕ್ಕೆ ಬೂದಿಯಾಗಿತ್ತು.

ಚೀಲ ಕೆಳಗಿಟ್ಟು ಕೂತೆ. ಕೈಕಾಲು ಮತ್ತೆ ತಣ್ಣಗಾಗತೊಡಗಿತು, ಐವರ್ನಾಡಿನ ಆ ಮಧ್ಯಾಹ್ನದ ಹಾಗೆಯೇ. ಇವತ್ತು ಬೇಡ, ನಾಳೆ ಹೋಗುವ ಎಂದು ಹೇಳಿಕೊಂಡೆ. ನಾಳೆ ಅನ್ನುವುದು ಎಲ್ಲಿಗೆ ಮುಟ್ಟಿಸುತ್ತದೆ ಎಂದು ನನಗೆ ಗೊತ್ತಿಲ್ಲವೇ?

"ಯಾರು ಹೇಳಿದ್ದು?" ಎಂದು ಫೋನಿಗೆ ಕೇಳಿದೆ. ಸ್ವಲ್ಪ ಜೋರಾಗಿಯೇ ಬಂದಿರಬೇಕು.

ಒಳಗಿನಿಂದ ನನ್ನ ಗಂಡ, "ಎಂತ, ಯಾರ ಹತ್ರ ಮಾತಾಡುದು?" ಎಂದರು.

"ಅಕ್ಕನ ಹತ್ರ," ಎಂದೆ. ಕೆಂಪು ಲಿಪ್‌ಸ್ಟಿಕ್ಕು ತೆಗೆದು ಎಡ ಮುಂಗೈಗೆ ಒಂದು ಗೆರೆ ಎಳೆದುಕೊಂಡೆ. ಅದು ಸೊಟ್ಟಗೆ ಬಂತು. ಹಾಗೆಯೇ ಗೇಟು ತೆಗೆದು ಹೊರಟೆ.