ಬೊಟ್ಟಿಲ್ಲದ ಬೇಸಿಗೆ

ಶಿವರಾತ್ರಿ ಕಳೆದು ಬೆಳಗಿನ ಚಳಿ ಬಿಟ್ಟಿತು ಅಂದರೆ ನಾನು ನನ್ನ ಮೇಕಪ್ ಚೀಲವನ್ನು ಖಾಲಿ ಮಾಡಿ ಹೊಸದಾಗಿ ಜೋಡಿಸುತ್ತೇನೆ. ಚಳಿಗಾಲದ ಕೋಲ್ಡ್ ಕ್ರೀಮು, ಜಿಡ್ಡುಜಿಡ್ಡಾದ ಲೋಷನ್ನು ಬೀರುವಿಗೆ ಹೋಗಬೇಕು. ಸನ್‌ಸ್ಕ್ರೀನು, ಹಗುರವಾದ ಜೆಲ್ಲು, ಬೆವರಿಗೆ ಕರಗದ ಕಾಡಿಗೆ ಚೀಲಕ್ಕೆ ಬರಬೇಕು. ಒಂದು ಹಲ್ಲಿನ ಆಸ್ಪತ್ರೆಯ ಮುಂಭಾಗದ ಮೇಜಿನ ಬಳಿ ಕೂತು, ಬಂದವರ ಹೆಸರು ಬರೆದುಕೊಂಡು ಒಳಗೆ ಕಳಿಸುವುದು ನನ್ನ ಕೆಲಸ. ದವಡೆ ಹಿಡಿದುಕೊಂಡು ಬರುವವರಿಗೆ ಮೊದಲು ಕಾಣುವ ಮುಖ ನನ್ನದು. ಅದು ಬಾಡಿರಬಾರದು ಎಂಬುದು ನಮ್ಮ ಡಾಕ್ಟರಮ್ಮನ ಆಸೆ, ನನ್ನದೂ ಹೌದು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಬೋಗಾದಿಯ ನಮ್ಮ ಬಾಡಿಗೆ ಮನೆಯ ಕಿಟಕಿಯ ಪಕ್ಕ ಹಳೇ ಟವೆಲು ಹಾಸಿ ಎಲ್ಲವನ್ನೂ ಸುರಿದುಕೊಂಡು ಕೂತಿದ್ದೆ. ಮಗಳು ಆಗ ಎಂಟನೇ ತರಗತಿ. ಡಬ್ಬಿಗಳನ್ನು ತಿರುಗಿಸಿ ಅವುಗಳ ತಾರೀಕು ಓದಿ ಹೇಳುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು.

"ಅಮ್ಮಾ, ಈ ಲಿಪ್‌ಸ್ಟಿಕ್ ಡೇಟ್ ಮುಗಿದು ಯಾವ ಕಾಲ ಆಯ್ತು! ಮೂಸಿ ನೋಡು, ಕಮಟು ವಾಸ್ನೆ."

ನನ್ನ ತಮ್ಮನ ಮದುವೆಗೆಂದು ಕೊಂಡಿದ್ದ ಲಿಪ್‌ಸ್ಟಿಕ್ ಅದು. ಎಸೆಯಲು ಮನಸ್ಸು ಬರದೆ ಪಕ್ಕಕ್ಕಿಟ್ಟೆ. ಅವಳು ಅದನ್ನು ಕಸದ ಕವರಿಗೆ ಹಾಕಿದಳು.

ಹೊಸ ಸನ್‌ಸ್ಕ್ರೀನು ಮುಖದ ಮೇಲೆ ಬೂದಿ ಬಳಿದಂತೆ ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು. ಮುಖ ತೊಳೆದು ಬಂದೆ. ಹಣೆಯ ಸ್ಟಿಕ್ಕರ್ ಬೊಟ್ಟನ್ನು ಎಂದಿನಂತೆ ಬಚ್ಚಲಮನೆಯ ಕನ್ನಡಿಗೆ ಅಂಟಿಸಿದ್ದೆ. ಬೇರೆ ದಿನವಾದರೆ ಮುಖ ಒರೆಸುವ ಮೊದಲೇ ಅದನ್ನು ತೆಗೆದು ಮತ್ತೆ ಹಣೆಗೆ ಇಟ್ಟುಕೊಂಡಿರುತ್ತಿದ್ದೆ. ಅವತ್ತು ಹಾಗೇ ಬಂದು ಬೆಳಕಿಗೆ ಕೂತೆ.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ಹಣೆ ಮೇಲೆ ಏನದು? ಬೊಟ್ಟಿದ್ದ ಕಡೆ ಬೆಳ್ಳಗಿದೆ."

"ಗೋಂದು ಇರ್ಬೇಕು ಬಿಡೇ."

ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಸೋಪು ಹಾಕಿ ತೊಳೆದೆ. ಉಗುರಿನಿಂದ ಮೆಲ್ಲಗೆ ಕೆರೆದೂ ನೋಡಿದೆ. ಸುತ್ತಲಿನ ಚರ್ಮ ಕೆಂಪಾಯಿತೇ ಹೊರತು ನಡುವಿನ ಬಿಳುಪು ಹೋಗಲಿಲ್ಲ. ಕಡಲೆ ಬೇಳೆಯಷ್ಟು ಅಗಲದ, ದುಂಡನೆಯ ಬಿಳುಪು. ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿಗೆ ಮುಖ ಹತ್ತಿರ ತಂದೆ. ಮನಸ್ಸಿಗೆ ಮೊದಲು ಬಂದದ್ದು ಒಂದೇ ಮಾತು: ತೊನ್ನು.

ನಾನು ಹುಟ್ಟಿ ಬೆಳೆದದ್ದು ಲಷ್ಕರ್ ಮೊಹಲ್ಲಾದ ಒಂದು ವಠಾರದಲ್ಲಿ. ಅಲ್ಲಿ ರವಿಕೆ ಹೊಲಿಯುವ ಒಬ್ಬಾಕೆ ಇದ್ದರು. ಅವರ ಕೈ, ಕತ್ತುಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ಎಲ್ಲರೂ ಅವರ ಹತ್ತಿರವೇ ರವಿಕೆ ಹೊಲಿಸುತ್ತಿದ್ದರು, ಆದರೆ ಅವರ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಅವರ ತಂಗಿಗೆ ಬಂದ ಗಂಡುಗಳು ಹಾಗೇ ವಾಪಸು ಹೋದದ್ದನ್ನು ದೊಡ್ಡವರು ಪಿಸುಗುಟ್ಟುತ್ತಿದ್ದುದು ನೆನಪಿದೆ. ಅದು ಅಂಟುವ ರೋಗವಲ್ಲ ಎಂದು ನಾನು ಓದಿ ತಿಳಿದಿದ್ದೆ. ಆದರೆ ಬಚ್ಚಲ ಕನ್ನಡಿಯ ಮುಂದೆ ನಿಂತಾಗ ಆ ಓದು ಯಾವ ಉಪಯೋಗಕ್ಕೂ ಬರಲಿಲ್ಲ. ನನ್ನ ಮಗಳಿಗೂ ಬಂದರೆ? ಅದೊಂದೇ ಯೋಚನೆ.

ಮಾರನೆಯ ದಿನ ಕೆಲಸ ಮುಗಿಸಿ ಬರುವಾಗ ಫ್ಯಾನ್ಸಿ ಸ್ಟೋರಿಗೆ ಹೋಗಿ ಎರಡು ವಸ್ತು ಕೊಂಡೆ. ಒಂದು, ಕಲೆ ಮುಚ್ಚುವ ಕನ್ಸೀಲರ್. ಇನ್ನೊಂದು, ಮೊದಲಿನದಕ್ಕಿಂತ ದೊಡ್ಡದಾದ ಮೆರೂನ್ ಬಣ್ಣದ ಸ್ಟಿಕ್ಕರಿನ ಪ್ಯಾಕೆಟ್ಟು. ಬಿಳುಪಿನ ಮೇಲೆ ಕನ್ಸೀಲರ್ ಬಳಿದು, ಅದು ಒಣಗಿದ ಮೇಲೆ ದೊಡ್ಡ ಬೊಟ್ಟು ಅಂಟಿಸಿದೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಉಸಿರು ಬಂತು.

ಅತ್ತೆ ಅದನ್ನು ಆ ಸಂಜೆಯೇ ಗಮನಿಸಿದರು. ಮಾವ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಯಲ್ಲೇ ಇದ್ದರು. "ಈಗ ನೋಡು, ಎಷ್ಟು ಲಕ್ಷಣವಾಗಿ ಕಾಣ್ತೀಯ. ಆ ಸಾಸಿವೆ ಕಾಳಿನಂಥ ಬೊಟ್ಟು ಇಟ್ಕೊಂಡು ಓಡಾಡ್ತಿದ್ದೆ," ಅಂದರು. ನಾನು ನಕ್ಕು ಒಳಗೆ ಹೋದೆ.

ಆಮೇಲಿನ ದಿನಗಳಲ್ಲಿ ನನಗೆ ಅದೇ ಗೀಳಾಯಿತು. ಬೆಳಿಗ್ಗೆ ಎದ್ದ ಕೂಡಲೆ ಕೈ ಹಣೆಗೆ ಹೋಗುತ್ತಿತ್ತು. ಬಿಳುಪು ಇವತ್ತು ಹಿಗ್ಗಿದೆಯೇ, ನಿನ್ನೆಯಷ್ಟೇ ಇದೆಯೇ? ಫೋನಿನಲ್ಲಿ ಹುಡುಕಿದರೆ ಮುಖವೆಲ್ಲ ಬೆಳ್ಳಗಾದವರ ಚಿತ್ರಗಳು ಬರುತ್ತಿದ್ದವು. ನೋಡಿ ಫೋನನ್ನು ಬೋರಲು ಹಾಕುತ್ತಿದ್ದೆ. ಗಂಡನಿಗೆ ಹೇಳಲಿಲ್ಲ. ಅವರು ಪ್ರಿಂಟಿಂಗ್ ಪ್ರೆಸ್ಸಿನಿಂದ ದಣಿದು ಬರುತ್ತಾರೆ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯವಿತ್ತು. ಮಗಳಿಗೆ ಜಡೆ ಹಾಕುವಾಗ ಅವಳ ಮುಖವನ್ನು ಬೆಳಕಿನತ್ತ ತಿರುಗಿಸಿ ಹಣೆ, ಕಿವಿಯ ಹಿಂದೆ, ಕತ್ತು ಎಲ್ಲ ನೋಡುತ್ತಿದ್ದೆ.

"ಏನಮ್ಮ ಹುಡುಕ್ತೀಯ ದಿನಾ? ಹೇನಿಲ್ಲ ನಂಗೆ," ಎಂದು ಅವಳು ರೇಗಿದಳು.

ಏಪ್ರಿಲ್ ಬಿಸಿಲಿಗೆ ಬೊಟ್ಟಿನ ಜಾಗ ತುರಿಸಲು ಶುರುವಾಯಿತು. ಬೆವರಿಗೆ ಕನ್ಸೀಲರ್ ಕರಗುತ್ತಿತ್ತು. ಒಂದು ದಿನ ಆಸ್ಪತ್ರೆಯಲ್ಲಿ ಕರೆಂಟ್ ಹೋಗಿತ್ತು. ವಯಸ್ಸಾದ ಒಬ್ಬರು ತಮ್ಮ ಹೆಸರು ಹೇಳುತ್ತಿದ್ದರು. ನಾನು ಬಗ್ಗಿ ಬರೆಯುತ್ತಿರುವಾಗಲೇ ಬೊಟ್ಟು ಜಾರಿ ಮೇಜಿನ ಮೇಲೆ ಬಿತ್ತು. ತಲೆ ಎತ್ತಿದರೆ ಅವರ ದೃಷ್ಟಿ ನನ್ನ ಹಣೆಯ ಮೇಲಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ನನ್ನನ್ನು ಒಳಗೆ ಕರೆದು ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿದರು.

"ಯಾವಾಗಿಂದ ಇದೆ ಇದು?"

"ಶಿವರಾತ್ರಿ ಆದ್ಮೇಲೆ ನೋಡಿದ್ದು, ಮೇಡಂ."

"ಇಷ್ಟು ದಿನ ಮುಚ್ಕೊಂಡು ಕೂತಿದ್ರಾ? ನಾನು ಹಲ್ಲಿನ ಡಾಕ್ಟ್ರು, ನಂಗಿದು ಗೊತ್ತಾಗಲ್ಲ. ಇವತ್ತೇ ಚರ್ಮದ ಡಾಕ್ಟ್ರಿಗೆ ತೋರಿಸಿ."

ಗಂಡನಿಗೆ ಫೋನ್ ಮಾಡಿದೆ. ಅವರು ಸ್ಕೂಟರಿನಲ್ಲಿ ಬಂದರು. ಹಣೆಯನ್ನು ನೋಡಿ, "ಇದಕ್ಕಾ ನೀನು ಎರಡು ತಿಂಗಳಿಂದ ಊಟ ಸರಿಯಾಗಿ ಮಾಡ್ತಿಲ್ಲ?" ಎಂದರು. ಊಟ ಬಿಟ್ಟದ್ದು ಅವರಿಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಚರ್ಮದ ಡಾಕ್ಟರು ದೀಪ ಆರಿಸಿ, ಒಂದು ನೀಲಿ ಬೆಳಕನ್ನು ಹಣೆಯ ಮೇಲೆ ಹಿಡಿದು ನೋಡಿದರು. ಕೈ, ಮೊಣಕೈ, ತುಟಿಯ ಅಂಚುಗಳನ್ನೂ ನೋಡಿದರು. "ಮುಖಕ್ಕೆ ಏನೇನು ಹಚ್ತೀರಿ?" ಎಂದು ಕೇಳಿದಾಗ ಕೈಯಲ್ಲೇ ಇದ್ದ ಮೇಕಪ್ ಚೀಲವನ್ನು ಅವರ ಮುಂದಿಟ್ಟೆ. ಜೆಲ್ಲು, ಸನ್‌ಸ್ಕ್ರೀನು, ಪೌಡರು ಎಲ್ಲವನ್ನೂ ಒಂದೊಂದಾಗಿ ಓದಿ ಪಕ್ಕಕ್ಕಿಟ್ಟರು. ಕೊನೆಗೆ ಬೊಟ್ಟಿನ ಪ್ಯಾಕೆಟ್ಟು ತೆಗೆದು, ಒಂದನ್ನು ಬಿಡಿಸಿ ಅದರ ಹಿಂಭಾಗ ತೋರಿಸಿದರು.

"ಈ ಅಂಟು ನೋಡಿ. ಕೆಲವರ ಚರ್ಮಕ್ಕೆ ಇದು ಆಗಿಬರಲ್ಲ. ಬಣ್ಣ ಹೋಗ್ಬಿಡುತ್ತೆ."

"ಹಾಗಾದ್ರೆ ತೊನ್ನಲ್ವಾ, ಸರ್?"

"ಬೇರೆ ಎಲ್ಲೂ ಇಲ್ಲ. ಬೊಟ್ಟಿನ ಆಕಾರದಲ್ಲೇ ಇದೆ. ಅಂಟಿಂದಲೇ ಅಂತ ನಂಗನ್ಸುತ್ತೆ. ಆದ್ರೆ ಕಾದು ನೋಡ್ಬೇಕು. ಮುಲಾಮು ಬರೆದು ಕೊಡ್ತೀನಿ. ಹಣೆಗೆ ಬೇರೇನೂ ಸೋಕಿಸಬೇಡಿ. ಸ್ಟಿಕ್ಕರ್ ಬೇಡ, ಕುಂಕುಮಾನೂ ಬೇಡ. ಮಳೆಗಾಲ ಶುರುವಾದ್ಮೇಲೆ ಬನ್ನಿ."

ಮುಚ್ಚಿಕೊಳ್ಳಲೆಂದು ಕೊಂಡ ದೊಡ್ಡ ಬೊಟ್ಟು ಅದನ್ನು ಇನ್ನಷ್ಟು ಅಗಲ ಮಾಡಿತ್ತು. ಆದರೂ "ನಂಗನ್ಸುತ್ತೆ" ಎಂಬ ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಗಂಡ ಎಲ್ಲವನ್ನೂ ಹೇಳಿದರು. ಅತ್ತೆ ಬಿಳುಪಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಕುಂಕುಮಾನೂ ಬ್ಯಾಡ ಅಂದ್ರಾ? ಅಂದ್ರೆ ಇವಳು ಬರೀ ಹಣೇಲಿ ಓಡಾಡ್ಬೇಕಾ?"

"ಕೆಲವು ತಿಂಗಳು ಅಷ್ಟೇ ಅಮ್ಮ," ಅಂದರು ಗಂಡ.

"ಈ ಮನೇಲಿ ಬರೀ ಹಣೆ ನಂದೊಂದು ಸಾಕು ಕಣೋ," ಎಂದು ಅತ್ತೆ ಸೊಪ್ಪಿನ ಮೊರ ತಳ್ಳಿ ಎದ್ದು ಹೋದರು. ಅವರ ಸಿಟ್ಟು ನನ್ನ ಮೇಲಲ್ಲ ಎಂಬುದು ನನಗೆ ಅರ್ಥವಾಯಿತು. ಆದರೆ ಆ ಮಾತು ನನ್ನೊಳಗೂ ಒಂದು ಅಳುಕನ್ನು ಇಟ್ಟಿತು. ಗಂಡ ಪ್ರೆಸ್ಸಿನಿಂದ ಬರುವುದು ಸ್ವಲ್ಪ ತಡವಾದರೂ ಗೇಟಿನ ಹತ್ತಿರ ಹೋಗಿ ನಿಲ್ಲುವಂತಾಯಿತು.

ಹೊರಗೆ ಇನ್ನೂ ಕಷ್ಟವಾಯಿತು. ಬಸ್ ಸ್ಟಾಪಿನ ಹತ್ತಿರ ಹೂ ಮಾರುವಾಕೆ ನಾನು ಬಂದ ಕೂಡಲೇ ಮೊಳ ಹಾಕಿ ಮಲ್ಲಿಗೆ ಕತ್ತರಿಸುವವಳು. ಬೊಟ್ಟಿಲ್ಲದೆ ಹೊರಟ ಮೊದಲ ದಿನ ನನ್ನ ಹಣೆ ನೋಡಿ ಅವಳ ಕೈ ಬುಟ್ಟಿಯಲ್ಲೇ ನಿಂತಿತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕ... ಯಜಮಾನ್ರು ಆರಾಮಾಗವ್ರಾ?"

"ಚೆನ್ನಾಗಿದಾರಮ್ಮ. ನನ್ನ ಹಣೆಗೆ ಅಲರ್ಜಿ ಆಗಿದೆ."

"ಅಯ್ಯೋ, ಜೀವ ಓದಂಗಾಗಿತ್ತು ಕಣಕ್ಕ! ಊವ ಕೊಡದಾ ಬ್ಯಾಡ್ವಾ ಅಂತ ಗೊತ್ತಾಗದೆ ಕುಂತ್ಬುಟ್ಟೆ." ಅವಳು ಮೊಳಕ್ಕಿಂತ ಹೆಚ್ಚೇ ಕೊಟ್ಟಳು. ನಾನು ನಗುತ್ತಲೇ ಬಸ್ ಹತ್ತಿದೆ, ಸೀಟು ಸಿಕ್ಕಿ ಕೂತ ಮೇಲೆ ಅಳು ಬಂತು.

ಜೂನ್ ಮೊದಲ ವಾರ ನಮ್ಮ ಹಿಂದಿನ ರಸ್ತೆಯಲ್ಲಿ ಹೊಸ ಮನೆಯ ಗೃಹಪ್ರವೇಶ. ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ. ಅತ್ತೆಯೇ ಹೊರಡಿಸಿದರು. ಊಟ ಮುಗಿದು ಹೊರಡುವಾಗ ಮನೆಯೊಡತಿಯ ಅಕ್ಕ ಬಾಗಿಲ ಬಳಿ ತಟ್ಟೆ ಹಿಡಿದು ನಿಂತು ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದರು. ಅವರಿಗೆ ನನ್ನ ಪರಿಚಯವಿರಲಿಲ್ಲ. ನನ್ನ ಸರದಿ ಬಂದಾಗ ಹಣೆಯನ್ನೊಮ್ಮೆ ನೋಡಿ, ತಟ್ಟೆಯನ್ನು ಹಿಂದಿನವರ ಕಡೆ ಚಾಚಿದರು. ನೋಯಿಸಬೇಕೆಂದು ಮಾಡಿದ್ದಲ್ಲ, ಅವರ ಮುಖದಲ್ಲಿ ಕನಿಕರವಿತ್ತು. ಸೆರಗನ್ನು ಹೊದ್ದು ಸರಿದು ನಿಂತೆ.

ಅಂಥ ತಟ್ಟೆಯ ಹತ್ತಿರ ಅತ್ತೆ ಎಂದೂ ಸುಳಿದವರಲ್ಲ. ಮಾವ ಹೋದಂದಿನಿಂದ ಯಾವ ಸಮಾರಂಭಕ್ಕೆ ಹೋದರೂ ಮೂಲೆಯ ಕುರ್ಚಿ ಹಿಡಿದು ಕೂತುಬಿಡುತ್ತಿದ್ದರು. ಅವತ್ತು ಅಲ್ಲಿಂದ ಎದ್ದು ಬಂದರು. ಹೆಂಗಸರೆಲ್ಲ ದಾರಿ ಬಿಟ್ಟರು.

"ಅವಳು ನನ್ನ ಸೊಸೆ ಕಣಮ್ಮ," ಅಂದರು. "ನನ್ನ ಮಗ ಅಲ್ಲೇ ಹೊರಗೆ ಚಪ್ಲಿ ಹುಡುಕ್ತಾ ಅವ್ನೆ. ಸ್ಟಿಕ್ಕರ್ ಆಗ್ದೆ ಹಣೆಗೆ ಔಷ್ದಿ ಹಚ್ಚವ್ಳೆ. ಹಣೆಗೆ ಬ್ಯಾಡ, ತಾಳಿಗೆ ಇಟ್ಕತಾಳೆ ಕೊಡಿ."

ಆ ಹೆಂಗಸು ಗಾಬರಿಯಾಗಿ "ತಪ್ಪು ತಿಳ್ಕೋಬೇಡಮ್ಮ" ಎನ್ನುತ್ತ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ನಾನು ತಾಳಿಯನ್ನು ಹೊರಗೆ ತೆಗೆದು ಕುಂಕುಮ ಹಚ್ಚಿಕೊಂಡೆ. ಸ್ವಲ್ಪ ಸೀರೆಯ ಮೇಲೂ ಬಿತ್ತು.

ದಾರಿಯಲ್ಲಿ ಅತ್ತೆ ಪಾಯಸ ಸಪ್ಪೆಯಾಗಿತ್ತು ಎಂದಷ್ಟೇ ಹೇಳಿದರು. ಅಂದಿನಿಂದ ಮಾತ್ರ ಎರಡು ದಿನಕ್ಕೊಮ್ಮೆ ಕನ್ನಡಕ ಹಾಕಿಕೊಂಡು, ನನ್ನನ್ನು ವರಾಂಡದಲ್ಲಿ ನಿಲ್ಲಿಸಿ ಹಣೆ ನೋಡುವುದು ಅವರ ಕೆಲಸವಾಯಿತು. ಮೊದಲು ಕಂಡದ್ದೂ ಅವರಿಗೇ. ಬಿಳುಪಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು.

ಮಳೆ ಹಿಡಿದ ಮೇಲೆ ಡಾಕ್ಟರ ಹತ್ತಿರ ಹೋದೆವು. "ಬಣ್ಣ ವಾಪಸ್ ಬರ್ತಿದೆ. ಬೇರೆ ಕಡೆ ಹಬ್ಬಿಲ್ಲ," ಅಂದರು. ಪೂರ್ತಿ ಬರುತ್ತದೆ ಎಂಬ ಮಾತನ್ನು ಮಾತ್ರ ಕೊಡಲಿಲ್ಲ. ಬಹುಪಾಲು ಬಂದಿದೆ. ಎಡಕ್ಕೆ ಒಂದು ತೆಳು ಗೆರೆ ಈಗಲೂ ಉಳಿದಿದೆ, ನನ್ನನ್ನು ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲವಂತೆ.

ಈಗ ಕಾಲ ಬದಲಾದಾಗ ಏನು ಹೊಸದು ತಂದರೂ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಕಾಯುತ್ತೇನೆ. ಕಾಯುವಾಗ ತುರಿಸಿದಂತೆ ಅನ್ನಿಸುತ್ತಲೇ ಇರುತ್ತದೆ, ನೋಡಿದರೆ ಏನೂ ಇರುವುದಿಲ್ಲ. ಮೊನ್ನೆ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಲಂಗ ದಾವಣಿ ಉಟ್ಟು, ಕಲ್ಲಿನ ಬೊಟ್ಟು ಬೇಕೇ ಬೇಕೆಂದಳು. ಬೇಡವೆಂದೆ. "ನಿಂಗಾಯ್ತು ಅಂತ ನಂಗೂ ಆಗ್ಬೇಕಾ?" ಎಂದು ಕಣ್ಣಲ್ಲಿ ನೀರು ತಂದಳು. ಕೊನೆಗೆ ಒಪ್ಪಿದೆ. ಅವಳು ವಾಪಸು ಬರುವವರೆಗೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಬಂದವಳು ತಾನಾಗಿಯೇ ಬೊಟ್ಟು ಕಿತ್ತು, ಮುಖ ತೊಳೆದು ನನ್ನೆದುರು ಬಂದು ನಿಂತಳು.

"ನೋಡ್ಕೋಮ್ಮ," ಅಂದಳು.

ನೋಡಿದೆ. ಏನೂ ಇರಲಿಲ್ಲ. ಬೆಳಕು ಸಾಲದೇನೋ ಎನ್ನಿಸಿ, ಅವಳ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ ಮತ್ತೊಮ್ಮೆ ನೋಡಿದೆ.