ಒಂದು ಮೊಳ ಎತ್ತರದ ಸ್ಪೋರ್ಟ್ಸ್ ಕಾರು

ಐವತ್ತನಾಲ್ಕನೇ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟಿದ್ದು ಯಾಕೆ ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದ ಉತ್ತರ ಕೊಟ್ಟಿದ್ದೇನೆ. ನಿಜ ಇಷ್ಟೇ: ನಮ್ಮ ತೋಟದ ಜೀಪಿನ ಸ್ಟೀರಿಂಗ್ ನನಗೆ ಯಾವತ್ತೂ ಸಿಗಲಿಲ್ಲ. ಲೈಸೆನ್ಸ್ ತೆಗೆದುಕೊಂಡು ಮೂವತ್ತು ವರ್ಷವಾಗಿತ್ತು. ಹಾನುಬಾಳಿಗೆ ಹೋಗಲಿ, ಸಕಲೇಶಪುರಕ್ಕೆ ಹೋಗಲಿ, ಓಡಿಸುವವನು ಅಣ್ಣ. ಅವನಿಲ್ಲದಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್. ರೈಟರೂ ಇಲ್ಲದಿದ್ದರೆ ಪಕ್ಕದ ತೋಟದಿಂದ ಯಾರಾದರೂ ಗಂಡಸು ಬರುತ್ತಿದ್ದ. ಮದುವೆಯಾಗದೆ ಉಳಿದ ನನಗೆ ತೋಟದಲ್ಲಿ ಅಣ್ಣನಷ್ಟೇ ಪಾಲಿದೆ, ಕಾಫಿ ಒಣಗಿಸುವ ಕಣದ ಕೆಲಸವೆಲ್ಲ ನನ್ನದೇ. ಜೀಪ್ ಹೊರಟಿತೆಂದರೆ ಮಾತ್ರ ನಾನೂ ಅದರೊಳಗಿನ ಒಂದು ಸಾಮಾನು. ಹಾಗಾಗಿ ನಾನೊಬ್ಬಳೇ ಓಡಿಸುವ ಒಂದು ಗಾಡಿ ನನಗೆ ಬೇಕಿತ್ತು.

ಕೊಯಮತ್ತೂರಿನ ಕಡೆ ಒಂದು ಸಣ್ಣ ಕಂಪನಿ ಹಳೇ ವಿದೇಶಿ ರೇಸ್ ಕಾರಿನ ನಕಲನ್ನು ಬಿಡಿಬಿಡಿಯಾಗಿ ಮಾರುತ್ತಿತ್ತಂತೆ. ತಂದು ನಾವೇ ಜೋಡಿಸಿಕೊಳ್ಳಬೇಕು. ಕಂಪನಿ ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ಗೋಡೌನಿನಲ್ಲಿ ಕೊನೆಯದೊಂದು ಕಿಟ್ ಬಿದ್ದಿದೆ ಎಂದು ಫೋನಿನಲ್ಲಿ ನೋಡಿದೆ. ನನ್ನ ಪಾಲಿನ ಮೆಣಸು ಆಗ ತಾನೇ ಮಾರಿದ್ದೆ. ಯಾರನ್ನೂ ಕೇಳಲಿಲ್ಲ.

ಅದು ಗೊಬ್ಬರದ ಲಾರಿಯಲ್ಲಿ ಬಂತು, ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಇಳಿಸಿಕೊಂಡೆ. ಪೈಪಿನ ಚೌಕಟ್ಟು, ನಾಲ್ಕು ದೊಡ್ಡ ಫೈಬರ್ ತುಂಡುಗಳು, ಒಂದು ಚೀಲ ನಟ್ಟು ಬೋಲ್ಟು. ಜೋಡಿಸುವ ವಿಧಾನ ಬರೆದ ಪುಸ್ತಕದ ಅರ್ಧಭಾಗ ಗೆದ್ದಲಿನ ಹೊಟ್ಟೆ ಸೇರಿತ್ತು. ಬಾಗಿಲು ಎರಡಿದ್ದವು, ಎರಡೂ ಎಡಗಡೆಯವೇ. ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಚಾಲ್ತಿಯಲ್ಲೇ ಇರಲಿಲ್ಲ. ಬೈಯೋಣವೆಂದರೆ ಬೈಸಿಕೊಳ್ಳುವುದಕ್ಕಾದರೂ ಒಂದು ಕಂಪನಿ ಇರಬೇಕಲ್ಲ. ಬಲಗಡೆಯನ್ನು ಪೂರಾ ಮುಚ್ಚಿಸಿ, ಆ ಗೋಡೆ ದಾಟಿಯೇ ಒಳಗೆ ಇಳಿಯುತ್ತೇನೆಂದು ತೀರ್ಮಾನಿಸಿದೆ.

ಅಣ್ಣ ಸ್ಟೋರಿಗೆ ಬಂದು ಎಲ್ಲವನ್ನೂ ಒಂದು ಸುತ್ತು ನೋಡಿದ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

“ನೋಡು, ಹಣ್ಣು ಕಣಕ್ಕೆ ಬರೋ ಹೊತ್ಗೆ ಇದು ತಾನಾಗೇ ಚಡಾವು ಹತ್ಬೇಕು,” ಎಂದ. “ಹತ್ಲಿಲ್ಲ ಅಂದ್ರೆ ಗುಜರಿಯೋನ್ನ ಕರೀತೀನಿ. ಸ್ಟೋರು ಕಾಫಿಗೆ ಇರೋದು.”

ಚಡಾವು ಎಂದರೆ ನಮ್ಮ ಕಣದಿಂದ ಮೇಲಿನ ಗೇಟಿಗೆ ಹೋಗುವ ತೋಟದ ರಸ್ತೆ. ಬರೀ ಕಲ್ಲು, ನಡುವೆ ನೀರು ಹರಿಯಲು ತೋಡಿದ ಅಡ್ಡ ಚರಂಡಿಗಳು. ಹತ್ತದಿದ್ದರೆ ಗುಜರಿಯವನನ್ನು ಕರಿ ಹೋಗು ಎಂದು ಅಣ್ಣನಿಗೆ ಹೇಳಿದೆ. ಭಯವಂತೂ ಇತ್ತು, ಸುಳ್ಳೇಕೆ ಹೇಳಲಿ.

ಹಾನುಬಾಳಿನಲ್ಲಿ ಜೀಪ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ಕೆಲಸಕ್ಕೆ ಒಪ್ಪಿದರು. ಹಾಸನದ ಗುಜರಿಯಲ್ಲಿ ಸಿಕ್ಕ ಹಳೇ ವ್ಯಾನಿನ ಎಂಜಿನ್ ತಂದು ಕೂರಿಸಿದೆವು. ಗೆದ್ದಲು ತಿಂದ ಪುಟಗಳಲ್ಲಿ ಏನಿತ್ತೋ, ಅದನ್ನು ಅವರು ಜೀಪಿನ ಲೆಕ್ಕದಲ್ಲಿ ಊಹಿಸುತ್ತಿದ್ದರು. ನಾನು ಕೈಗೆ ಗ್ರೀಸ್ ಮೆತ್ತಿಕೊಂಡು ಪಕ್ಕದಲ್ಲೇ ಇರುತ್ತಿದ್ದೆ. ಕೂಲಿಯಾಳುಗಳ ಲೈನ್ ಮನೆಗಳ ಹೆಂಗಸರು ಬಂದು, ಇದಕ್ಕೆ ತಲೆಯ ಮೇಲೆ ಏನೂ ಇಲ್ಲವಲ್ಲ ಎಂದು ಮರುಗಿ ಹೋಗುತ್ತಿದ್ದರು.

ನಡುವೆ ಎರಡು ದಿನ ನಂಬರ್ ಪ್ಲೇಟಿನ ವಿಷಯ ವಿಚಾರಿಸಲು ಹಾಸನಕ್ಕೆ ಹೋದೆ. ತಯಾರಕರ ಪ್ರಮಾಣಪತ್ರ ತನ್ನಿ ಎಂದರು. ತಯಾರಕರೇ ಇಲ್ಲ ಎಂದೆ. ಹಾಗಾದರೆ ನಂಬರೂ ಇಲ್ಲ, ಸರ್ಕಾರಿ ರಸ್ತೆಗೆ ಇಳಿಸುವಂತಿಲ್ಲ ಎಂದರು. ಸರಿ, ನಮ್ಮ ತೋಟದೊಳಗಿನ ರಸ್ತೆಗೆ ಯಾರ ಪ್ರಮಾಣಪತ್ರವೂ ಬೇಡ ಎಂದುಕೊಂಡು ಬಸ್ ಹತ್ತಿದೆ.

ವಾಪಸ್ ಬಂದು ಸ್ಟೋರಿನ ಬಾಗಿಲು ತೆಗೆದವಳು ಹಾಗೇ ನಿಂತೆ. ನೆಲದಿಂದ ಅರ್ಧ ಗೇಣು ಮೇಲಿರಬೇಕಾದ ಕಾರು ಒಂದು ಮೊಳ ಮೇಲೆ ನಿಂತಿತ್ತು. ನಮ್ಮ ಕಡೆ ಹೊಸ ಗಾಡಿ ಯಾವುದೇ ಬರಲಿ, ಮೆಕ್ಯಾನಿಕ್ ಮೊದಲು ಮಾಡುವ ಕೆಲಸ ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಎತ್ತರ ಮಾಡುವುದು. ಇವರೂ ಅದೇ ಅಭ್ಯಾಸದಲ್ಲಿ ಜೀಪಿನ ಸ್ಪ್ರಿಂಗು, ಜೀಪಿನ ಟೈರು ಹಾಕಿಬಿಟ್ಟಿದ್ದರು. ಹತ್ತಲು ಒಂದು ಮೆಟ್ಟಿಲನ್ನೂ ವೆಲ್ಡ್ ಮಾಡಿದ್ದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನೆಲಕ್ಕೆ ಅಂಟಿಕೊಂಡು ಹೋಗುವ ಕಾರು ಬೇಕೆಂದು ತಾನೇ ಇಷ್ಟೆಲ್ಲ ಮಾಡಿದ್ದು? ಎಲ್ಲವನ್ನೂ ಬಿಚ್ಚಿಸಿದೆ. ಅವರು ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಇಳಿಸಿ ಕೊಟ್ಟರು. ಅಷ್ಟು ಚೆಂದದ ಗಾಡಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಓಡಿಸಿಕೊಂಡು ಹೊರಟರೆ, ಚಡಾವಿನ ಮೊದಲನೇ ಅಡ್ಡ ಚರಂಡಿಯಲ್ಲೇ ಅದರ ಹೊಟ್ಟೆ ಕಲ್ಲಿಗೆ ಬಡಿಯಿತು. ಮುಂದಿನ ಫೈಬರ್ ಸೀಳಿ ಎರಡಾಯಿತು.

ಜೀಪಿಗೆ ಹಗ್ಗ ಕಟ್ಟಿ ಎಳೆದು ತಂದವನು ಅಣ್ಣನೇ. ಜೇಬಿನಿಂದ ಫೋನ್ ತೆಗೆದು ಗುಜರಿಯವನ ನಂಬರ್ ಹುಡುಕತೊಡಗಿದ. ಇನ್ನೂ ಹಣ್ಣು ಬಂದಿಲ್ಲ ಎಂದು ಅವನಿಗೆ ನೆನಪಿಸಿದೆ. ಆಮೇಲೆ ಸ್ಟೋರಿಗೆ ಹೋಗಿ ಗೋಣಿಚೀಲದ ರಾಶಿಯ ಮೇಲೆ ಕೂತು ಚೆನ್ನಾಗಿ ಅತ್ತೆ. ಅತ್ತಿದ್ದು ಕಾರು ಒಡೆದಿದ್ದಕ್ಕಲ್ಲ. ಯಾರೋ ಬರೆದ ಚಿತ್ರಕ್ಕೆ ಮರುಳಾಗಿ, ನನ್ನ ರಸ್ತೆಯನ್ನು ಬಲ್ಲ ಮನುಷ್ಯನ ಕೆಲಸವನ್ನು ತಳ್ಳಿಹಾಕಿದ್ದೆನಲ್ಲ, ಅದಕ್ಕೆ. ಆ ಚಿತ್ರ ಬರೆದವರು ನಮ್ಮ ಚಡಾವನ್ನು ಕಂಡಿದ್ದರೇ?

ಮರುದಿನ ಮೆಕ್ಯಾನಿಕ್‌ಗೆ ಮತ್ತೆ ಎತ್ತರ ಮಾಡಿ ಎಂದೆ. “ಮೆಟ್ಲು ಎತ್ತಿಟ್ಟಿದ್ದೆ ಕಣಕ್ಕ,” ಎಂದಷ್ಟೇ ಹೇಳಿದರು. ಸೀಳಿದ ಫೈಬರಿಗೆ ತೇಪೆ ಹಾಕಿ ಕಣದ ಬಿಸಿಲಿನಲ್ಲಿ ಒಣಗಿಸಿದೆವು. ತೇಪೆ ಎದ್ದು ಕಾಣುತ್ತಿತ್ತು. ಬಣ್ಣ ಬಳಿದು ಮುಚ್ಚೋಣ ಎಂದರು, ಬೇಡ ಎಂದೆ.

ಮೊದಲ ಕೊಯ್ಲಿನ ದಿನ ಬೆಳಗ್ಗೆ, ಹಣ್ಣಿನ ಮೂಟೆಗಳು ಕಣಕ್ಕೆ ಬರುವ ಮುಂಚೆ, ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು ಮೆಟ್ಟಿಲು ಹತ್ತಿ, ಗೋಡೆ ದಾಟಿ ಒಳಗೆ ಕೂತೆ. ಮೊದಲ ಚರಂಡಿ ದಾಟಿತು. ಎರಡನೆಯದೂ ದಾಟಿತು. ತಿರುವಿನಲ್ಲಿ ಚಕ್ರ ಒಂದು ಸಲ ಸುಮ್ಮನೆ ಸುತ್ತಿತು, ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಮೇಲಿನ ಗೇಟಿನ ಹತ್ತಿರ ನಿಲ್ಲಿಸಿದಾಗ ನನ್ನ ಬಾಯಿ ತಾನಾಗಿ ನಗುತ್ತಿತ್ತು. ಅಲ್ಲೇ ತಿರುಗಿಸಿಕೊಂಡು ಇಳಿದು ಬಂದೆ.

ಕಣದಲ್ಲಿ ಕೊಯ್ಲಿಗೆ ಹೊರಟ ಹೆಂಗಸರು ಬುಟ್ಟಿ ಇಳಿಸಿ ನಿಂತಿದ್ದರು. ಅಣ್ಣ ಬಂದು ಕಾರಿನ ಮೈ ಸವರಿದ, ತೇಪೆಯನ್ನು ಬಗ್ಗಿ ನೋಡಿದ. ಆಮೇಲೆ ಸ್ಟೀರಿಂಗ್ ಮೇಲೆ ಕೈ ಇಟ್ಟ.

“ಇಳಿ, ನಾನೊಂದ್ ರೌಂಡ್ ಹೊಡ್ಕಂಡ್ ಬರ್ತೀನಿ.”

ಅದು ಕೇಳಿದ್ದಲ್ಲ, ಹೇಳಿದ್ದು. ಮೂವತ್ತು ವರ್ಷ ಇದೇ ದನಿಗೆ ನಾನು ಜಾಗ ಬಿಟ್ಟಿದ್ದೆ. ಈ ಸಲ ಎಂಜಿನ್ ಆರಿಸಲೂ ಇಲ್ಲ.

“ಬರೋದಾದ್ರೆ ಪಕ್ಕದಲ್ಲಿ ಜಾಗ ಐತೆ ಅಣ್ಣ,” ಎಂದೆ. “ಓಡ್ಸೋದು ನಾನು.”

ಅವನು ಹೆಂಗಸರ ಕಡೆ ನೋಡಿದ. ಅವರ್ಯಾರೂ ಮುಖ ತಿರುಗಿಸಲಿಲ್ಲ. ಸ್ಟೀರಿಂಗ್ ಮೇಲಿನ ಕೈ ತೆಗೆದು, ಕಾರಿನ ಮುಂದಿನಿಂದ ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಅವನ ಮೊಣಕಾಲು ಎದುರಿನ ಹಲಗೆಗೆ ಒತ್ತುತ್ತಿತ್ತು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಇರಲಿ ಎಂದು ಗೇರ್ ಹಾಕಿದೆ.