ಒಲೆಗೆ ಕೀಲಿ

ನಮ್ಮ ಮೊಮ್ಮಗಳು ಇವತ್ತು ನಡೆದಳು. ಗೋಡೆ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ, ನೇರವಾಗಿ ನನ್ನ ಕರೆಂಟ್ ಒಲೆಯ ಹತ್ತಿರಕ್ಕೆ.

ನಾನು ಕೂತು ಅಡುಗೆ ಮಾಡುವವಳು, ಒಲೆಯೂ ನೆಲದ ಮೇಲೇ. ಎಣ್ಣೆಯ ಬಾಣಲೆ ಇಟ್ಟು ಈರುಳ್ಳಿಗೆಂದು ತಿರುಗಿದ್ದೆ. ಕೂಸು ಗುಂಡಿಗಳನ್ನೆಲ್ಲ ಪಟಪಟ ಒತ್ತಿತು. ಒಲೆ ಹೊತ್ತಲೇ ಇಲ್ಲ, ಕೀಲಿ ಹಾಕಿತ್ತು.

ಆ ಕೀಲಿ ಕಲಿಸಿದವಳು ಕೆ.ಬಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೊಲಿಗೆಯಾಕೆ. ಕೊರಳಲ್ಲಿ ಸದಾ ಅಳತೆ ಟೇಪು. ಒಲೆ ತಂದ ದಿನ ನಾನು ಹಳೇ ಒಲೆಗೆ ಹಚ್ಚುವಂತೆ ಇದಕ್ಕೂ ವಿಭೂತಿ ಕಲಸಿ ಮೂರು ಗೆರೆ ಎಳೆದಿದ್ದೆ. ಹಸಿ ಗೆರೆ ಗುಂಡಿಗಳ ಮೇಲೆ ಬಿದ್ದು ಒಲೆ ಕೀಂಯ್ ಎನ್ನತೊಡಗಿತು. ಅವಳು ನಗುತ್ತಾ ಸೆರಗಿನಿಂದ ಒರೆಸಿದಳು.

“ಶಿವ ಅಂಚಿನಾಗೆ ಕೂಡ್ಲಿ ಅಜ್ಜಿ, ಗುಂಡಿ ಮ್ಯಾಲೆ ಬ್ಯಾಡ.”

ಆಮೇಲೆ ಕೀಲಿಯ ಚಿತ್ರದ ಮೇಲೆ ನನ್ನ ಬೆರಳನ್ನು ಒತ್ತಿ ಹಿಡಿದಳು. ಮಕ್ಕಳು ಮುಟ್ಟಿದರೂ ಹೊತ್ತುವುದಿಲ್ಲವಂತೆ.

“ನಮ್ಮನ್ಯಾಗ ಕೂಸು ಎಲ್ಲೈತವ್ವ?” ಎಂದೆ. ಸೊಸೆ ಒಳಗಿದ್ದಳು. ಮದುವೆಯಾಗಿ ವರ್ಷಗಳಾಗಿದ್ದವು.

“ಬರ್ತೈತೆ, ಹಾಕ್ರಿ.”

ಬಂದಾಗಲೆಲ್ಲ ಅದೇ ಮಾತು. ಅವಳಿಗೆ ಹೆದರಿಯೇ ನನಗೆ ಕೀಲಿ ರೂಢಿಯಾಯಿತು. ಕೂಸು ಬರುವ ಮೊದಲೇ ಅವಳು ಹರಿಹರಕ್ಕೆ ಮನೆ ಬದಲಿಸಿದಳು.

ಸಂಜೆ ಮಗ ಬಿಸಿ ಮಿರ್ಚಿ ಬಜ್ಜಿ ತಂದ. ಒಗ್ಗರಣೆ ಮಂಡಕ್ಕಿಯ ಪರಾತದ ಸುತ್ತ ಎಲ್ಲರೂ ಕೂತರು. ನಾನು ಕೂರುವಷ್ಟರಲ್ಲಿ ಸೊಸೆ ಕೇಳಿದಳು, “ಅತ್ತೆ, ಕೀಲಿ ಹಾಕಿದ್ರೇನ್ರಿ? ಕೂಸು ಬಂದೈತೆ.”

ಕೂಸು ಆಗಲೇ ನಡೆದು ಬಂದು ನನ್ನ ಮಡಿಲಲ್ಲಿ ಕೂತು, ನನ್ನ ಬಾಯಿಗೆ ಮಂಡಕ್ಕಿ ತುರುಕುತ್ತಿತ್ತು.